ಹೊಲದ ಉತಾರದಲ್ಲಿ ಮನೆತನದ ಮೂಲ

ನಾನು ಹುಡುಗನಾಗಿದ್ದಾಗ ಬಿಳಿಜೋಳದ ರಾಶಿ ಮುಗಿದು ಕಾಳು ಮನೆ ಸೇರಿದ ಮೇಲೆ ಕನ್ನೊಳ್ಳಿಯ ನಮ್ಮ ಹಳೆಯ ಮನೆಯ ಮುಂದೆ ಗಂಟೆಯ ನಾದ ಕೇಳಿಬರುತ್ತಿತ್ತು. ಎತ್ತಿನ ಮೇಲೆ ಕುಳಿತು, ಕಾಲಿಗೆ ಕಂಬಳಿ ಸುತ್ತಿಕೊಂಡು ಹೆಳವ ಬಂದಿರುತ್ತಿದ್ದ. ಕಟ್ಟೆಯ ಮುಂದೆ ಎತ್ತು ನಿಲ್ಲಿಸಿ ಅವನು ನಮ್ಮ ಮನೆತನದ ಹಿರಿಯರ ಹೆಸರುಗಳನ್ನು ಒಂದರ ಹಿಂದೆ ಒಂದರಂತೆ, ಉಸಿರು ಕಟ್ಟುವ ತನಕ ಹೇಳುತ್ತಿದ್ದ. ಯಾರ ಮಗ ಯಾರು, ಯಾವ ಊರಿನಿಂದ ಯಾವ ಊರಿಗೆ ಬಂದರು, ಯಾರು ಗುಡಿಗೆ ಕಳಸ ಇಡಿಸಿದರು ಎಂಬುದೆಲ್ಲ ಅವನ ನಾಲಗೆಯ ಮೇಲೆ ಇದ್ದಿತು. ಅಜ್ಜ ಅವನಿಗೆ ಮರದ ತುಂಬ ಜೋಳ ಕೊಡಿಸುತ್ತಿದ್ದ. ಅಂಗಿಯನ್ನೋ ಧೋತರವನ್ನೋ ಮೇಲೆ ಹಾಕುತ್ತಿದ್ದ. ಹೆಳವ ಹರಸಿ ಮುಂದಿನ ಮನೆಗೆ ಹೋಗುತ್ತಿದ್ದ.

ಈ ಹೆಳವರು ನಮ್ಮ ನಾಡಿನ ಒಂದು ದೊಡ್ಡ ಆಸ್ತಿ. ರಾಜರಿಗೆ ಶಾಸನ ಬರೆಯುವವರು ಇದ್ದರು. ಒಕ್ಕಲಿಗನ ಮನೆಗೆ ಹೆಳವನೇ ಶಾಸನ. ಆದರೆ ಒಂದು ಮಾತನ್ನು ನಾನು ಬಹಳ ತಡವಾಗಿ ತಿಳಿದೆ. ಜೋಳ ಕೊಡುವ ಮನೆಯ ಕಟ್ಟೆಯ ಮುಂದೆ ನಿಂತು ಆ ಮನೆಯವರ ಸಾಲದ ಮಾತನ್ನಾಗಲಿ, ಅವರು ಬೇರೆಯವರಿಂದ ಕೊಂಡ ಹೊಲದ ಮಾತನ್ನಾಗಲಿ ಯಾವ ಹೆಳವನೂ ಎತ್ತಲಾರ. ಹೆಂಗಸರ ಹೆಸರೂ ಅವನ ಸಾಲಿನಲ್ಲಿ ಅಪರೂಪವಾಗಿಯೇ ಬರುತ್ತದೆ. ಆ ಮಾತು ಹೇಳುವ ಸಾಕ್ಷಿ ಬೇರೊಂದು ಉಂಟು. ಅದಕ್ಕೆ ಜೋಳ ಕೊಡಬೇಕಾಗಿಲ್ಲ. ಅದು ಹರಸುವುದೂ ಇಲ್ಲ. ಅದು ಸರಕಾರದ ಹೊಲದ ದಫ್ತರ.

ಈ ದಫ್ತರವನ್ನು ನಾನು ಓದಬೇಕಾಗಿ ಬಂದದ್ದು ಸೊಲ್ಲಾಪುರದ ಒಬ್ಬರ ನಿಮಿತ್ತವಾಗಿ. ಐವತ್ತು ದಾಟಿದ ಗೃಹಸ್ಥರು. ಅವರ ಅಜ್ಜ ಸೊಲ್ಲಾಪುರದ ಹತ್ತಿಗಿರಣಿಯಲ್ಲಿ ಕೆಲಸಕ್ಕೆ ಸೇರಿದವರಂತೆ. ಮನೆಯೊಳಗೆ ಕನ್ನಡ, ಹೊರಗೆ ಮರಾಠಿ. ಅವರ ಅಡ್ಡಹೆಸರು ಕನ್ನೊಳ್ಳಿ. ನಾನು ಕನ್ನಡ ಕಲಿಸುವವನೆಂದೂ ಹಳೆಯ ಅಕ್ಷರ ಓದಬಲ್ಲೆನೆಂದೂ ಯಾರೋ ಹೇಳಿದ್ದರಿಂದ ಬಂದಿದ್ದರು.

“ಸರ್, ನಮ್ಮ ಮೂಲ ನಿಮ್ಮೂರಾಗ ಐತಿ ಅಂತ ನಮ್ಮಪ್ಪ ಹೇಳ್ತಿದ್ದ್ರು. ನಮ್ಮಜ್ಜನ್ನ ಅವರವ್ವ ಬಗಲಾಗ ಎತಗೊಂಡು ಬಂದ್ಳಂತ. ಅಕೀಗೆ ಮನ್ಯಾಗ ಎಲ್ಲಾರೂ ಆಯಿ ಅಂತಿದ್ರು. ಹೆಸರು ಏನಂತ ಯಾರಿಗೂ ಗೊತ್ತಿಲ್ರಿ. ಅದೊಂದು ಸಿಕ್ಕರ ಸಾಕು” ಎಂದರು.

ನಮ್ಮ ಉತ್ತರ ಕರ್ನಾಟಕದ ಅಡ್ಡಹೆಸರುಗಳ ಗುಟ್ಟನ್ನು ಬಲ್ಲವರಿಗೆ ಇಲ್ಲಿಯೇ ಒಂದು ಎಳೆ ಸಿಕ್ಕುತ್ತದೆ. ಕನ್ನೊಳ್ಳಿಯಲ್ಲಿ ಎಲ್ಲರೂ ಕನ್ನೊಳ್ಳಿಯವರೇ ಆಗಿರುವಾಗ ಒಬ್ಬನನ್ನು ಮಾತ್ರ ಕನ್ನೊಳ್ಳಿ ಎಂದು ಕರೆಯುವುದರಲ್ಲಿ ಅರ್ಥವೇನು? ಆ ಹೆಸರು ಹುಟ್ಟುವುದು ಊರು ಬಿಟ್ಟು ಹೋದಲ್ಲಿ. ಹೊಸ ಊರಿನವರು ‘ಇವನು ಕನ್ನೊಳ್ಳಿಯಿಂದ ಬಂದವ’ ಎಂದು ಗುರುತು ಹಚ್ಚುತ್ತಾರೆ; ಮುಂದೆ ಅದು ಶಾಲೆಯ ದಾಖಲೆಗೆ ಇಳಿದು ಗಟ್ಟಿಯಾಗುತ್ತದೆ. ಬಾಗೇವಾಡಿ, ಇಂಡಿ, ಮುದ್ದೇಬಿಹಾಳ, ಹಿಪ್ಪರಗಿ ಎಂಬ ಅಡ್ಡಹೆಸರುಗಳೆಲ್ಲ ಬಹುಮಟ್ಟಿಗೆ ಹೀಗೆ ಊರು ಬಿಟ್ಟವರ ಹೆಸರುಗಳು. ಊರಿನ ಹೆಸರನ್ನು ಹೊತ್ತವನು ಊರಿನಲ್ಲಿ ಇಲ್ಲ ಎಂಬುದೇ ಅದರ ಮೊದಲ ಅರ್ಥ. ಎಂದ ಮೇಲೆ ಈ ಗೃಹಸ್ಥರ ಹಿರಿಯರಿಗೆ ಊರಿನಲ್ಲಿ ಇದ್ದ ಅಡ್ಡಹೆಸರು ಬೇರೆ. ಅದನ್ನು ತಿಳಿಯದೆ ದಫ್ತರದಲ್ಲಿ ಅವರನ್ನು ಹುಡುಕುವಂತಿರಲಿಲ್ಲ. ಅಜ್ಜನ ಹೆಸರು, ಆತನ ತಂದೆಯ ಹೆಸರು ಮಾತ್ರ ಅವರಲ್ಲಿದ್ದವು. ಅಷ್ಟನ್ನು ಹಿಡಿದುಕೊಂಡು ನಾವಿಬ್ಬರೂ ತಾಲೂಕು ಕಚೇರಿಗೆ ನಕಲಿನ ಅರ್ಜಿ ಹಾಕಿದೆವು.

ಇಲ್ಲಿ ವಾಚಕರಿಗೆ ಈ ದಫ್ತರದ ಹುಟ್ಟನ್ನು ಸ್ವಲ್ಪ ಹೇಳುವುದು ಅವಶ್ಯ. ನಮ್ಮ ವಿಜಯಪುರದ ಸೀಮೆ 1686ರ ತನಕ ಆದಿಲಶಾಹಿಯದು, ತರುವಾಯ ಮೊಗಲರದು, ನಿಜಾಮನದು, 1760ರಿಂದ ಪೇಶವೆಯದು. 1818ರಲ್ಲಿ ಪೇಶವಾಯಿ ಮುಗಿದಾಗ ವಿಜಯಪುರದ ಸುತ್ತಿನ ನಾಡು ಸಾತಾರೆಯ ಛತ್ರಪತಿಗೆ ಸೇರಿತು. 1848ರಲ್ಲಿ ಆ ಗಾದಿಗೆ ವಾರಸು ಇಲ್ಲವೆಂದು ಕಂಪನಿ ಸರಕಾರ ಅದನ್ನು ನುಂಗಿತು. 1864ರಲ್ಲಿ ಕಲಾದಗಿ ಜಿಲ್ಲೆಯಾಯಿತು; 1885ರಲ್ಲಿ ಕಚೇರಿ ವಿಜಯಪುರಕ್ಕೆ ಬಂದಿತು. ಇಷ್ಟು ಕೈ ಬದಲಾದರೂ ಊರ ಚಾವಡಿಯಲ್ಲಿ ಲೆಕ್ಕ ಬರೆಯುವ ಕೈ ಕುಲಕರ್ಣಿಯದೇ ಆಗಿದ್ದಿತು. ಬರೆಯುತ್ತಿದ್ದ ಲಿಪಿ ಬಹುಮಟ್ಟಿಗೆ ಮೋಡಿ, ಮಾತು ಮರಾಠಿ. ಕನ್ನಡ ಒಕ್ಕಲಿಗನ ಹೊಲ, ಕನ್ನಡದಲ್ಲಿ ಹೆಸರಿಟ್ಟ ಹೊಲ, ಆದರೆ ಕಾಗದದ ಮೇಲೆ ಅವನಿಗೆ ತಿಳಿಯದ ಅಕ್ಷರ.

ಕಂಪನಿಯವರು ಬಂದ ಮೇಲೆ ಹೊಲಗಳನ್ನು ಅಳೆಯಲು ಹೊರಟರು. 1820ರ ದಶಕದ ಕೊನೆಯಲ್ಲಿ ಪ್ರಿಂಗಲ್ ಎಂಬ ಅಧಿಕಾರಿ ದಖ್ಖನಿನಲ್ಲಿ ಮಾಡಿದ ಅಳತೆ ಕೆಟ್ಟಿತು. ಕಂದಾಯ ತಾಳಲಾರದೆ ರೈತರು ಹೊಲ ಬಿಟ್ಟು ಹೋದರು. 1830ರ ದಶಕದ ನಡುವಿನಲ್ಲಿ ಗೋಲ್ಡ್‌ಸ್ಮಿಡ್ ಮತ್ತು ವಿಂಗೇಟ್ ಎಂಬಿಬ್ಬರು ಪುಣೆ ಜಿಲ್ಲೆಯ ಇಂದಾಪುರದಲ್ಲಿ ಬೇರೆಯ ಕ್ರಮವನ್ನು ಆರಂಭಿಸಿದರು. 33 ಅಡಿಯ ಸರಪಳಿ; ಅದರ ಉದ್ದಗಲದ ಚೌಕ ಒಂದು ಗುಂಟೆ; 40 ಗುಂಟೆಗೆ ಒಂದು ಎಕರೆ. ಮಣ್ಣಿನ ಗುಣವನ್ನು ರೂಪಾಯಿಯ ಹಾಗೆ 16 ಆಣೆಗೆ ಇಟ್ಟು ಬೆಲೆ ಕಟ್ಟುವುದು. ಹೊಲಕ್ಕೆ ಒಂದು ಸರ್ವೆ ನಂಬರು, ಮೂಲೆಗೆ ಬಾಂದಗಲ್ಲು. 30 ವರ್ಷ ಕಂದಾಯ ಏರಿಸದಿರುವುದು. 1847ರಲ್ಲಿ ಈ ನಿಯಮಗಳನ್ನೆಲ್ಲ ಒಂದುಗೂಡಿಸಿದರು. ಈ ಅಳತೆ ನಮ್ಮ ಸೀಮೆಗೂ ಬಂದು, ‘ಗುಡಿಯ ಹಿಂದಿನದು’, ‘ಹಳ್ಳದ ಪಟ್ಟಿ’ ಎಂದು ಕರೆಯಿಸಿಕೊಳ್ಳುತ್ತಿದ್ದ, ಕೂರಿಗಿಯ ಲೆಕ್ಕದಿಂದ ಅಳೆಯಿಸಿಕೊಳ್ಳುತ್ತಿದ್ದ ಎರೆಹೊಲಗಳು ನಂಬರುಗಳಾದವು.

ಆದರೆ ಆ ಪುಸ್ತಕದಲ್ಲಿ ಬರೆದದ್ದು ಕಂದಾಯ ಕೊಡುವವನ ಹೆಸರು. ಹೊಲದಲ್ಲಿ ಪಾಲು ಯಾರದು, ಒತ್ತೆ ಹಿಡಿದವನು ಯಾರು ಎಂಬುದು ಅದರಲ್ಲಿ ಇರಲಿಲ್ಲ. ಮೇಲಾಗಿ ಕಂದಾಯ ನಿಶ್ಚಿತವಾಗಿ ಹಕ್ಕು ಗಟ್ಟಿಯಾದೊಡನೆ ಹೊಲಕ್ಕೆ ಬೆಲೆ ಬಂದಿತು. ಬೆಲೆ ಬಂದೊಡನೆ ಸಾಹುಕಾರನು ಅದರ ಮೇಲೆ ಸಾಲ ಕೊಡತೊಡಗಿದನು. ರೈತನನ್ನು ಒಡೆಯನನ್ನಾಗಿ ಮಾಡಿದ ಕಾಗದವೇ ಅವನು ಹೊಲ ಕಳೆದುಕೊಳ್ಳುವ ದಾರಿಯನ್ನೂ ತೆರೆಯಿತು. 1875ರಲ್ಲಿ ಪುಣೆ, ಅಹಮದನಗರ ಜಿಲ್ಲೆಗಳ ರೈತರು ಸಾಹುಕಾರರ ಮನೆಗೆ ನುಗ್ಗಿ ಸುಟ್ಟದ್ದು ಸಾಲಪತ್ರಗಳನ್ನು. ಅವರಿಗೆ ಕಾಗದದ ಬಲ ತಿಳಿದಿದ್ದಿತು.

ಅದರ ಮರುವರ್ಷವೇ ಧಾತು ಸಂವತ್ಸರದ ಬರ. 1872ರಲ್ಲಿ ಸುಮಾರು 8 ಲಕ್ಷ 16 ಸಾವಿರ ಜನರಿದ್ದ ನಮ್ಮ ಜಿಲ್ಲೆಯಲ್ಲಿ 1881ರ ಎಣಿಕೆಗೆ ಉಳಿದವರು 6 ಲಕ್ಷ 38 ಸಾವಿರ. ಐದರಲ್ಲಿ ಒಬ್ಬರಿಗಿಂತ ಹೆಚ್ಚು ಜನ ಸತ್ತರು, ಇಲ್ಲವೆ ದೇಶಾಂತರ ಹೋದರು. ಡೋಣಿ ಬೆಳೆದರೆ ಓಣಿಯೆಲ್ಲ ಜೋಳ ಎಂಬ ಗಾದೆಯ ನಾಡು ಇದು. ಬೆಳೆಯದಿದ್ದರೆ ಏನೆಂಬುದನ್ನು ಗಾದೆ ಹೇಳುವುದಿಲ್ಲ, ಈ ಅಂಕಿ ಹೇಳುತ್ತದೆ. ಇಂಥ ಸೀಮೆಯಲ್ಲಿ ವಂಶಾವಳಿ ಕಡಿಯದೆ ಉಳಿದ ಮನೆತನವೇ ಪುಣ್ಯವಂತ ಮನೆತನ.

ಹಕ್ಕುದಾರರೆಲ್ಲರ ಹೆಸರನ್ನೂ ಬರೆದಿಡಬೇಕೆಂದು ಮುಂಬಯಿ ಸರಕಾರ 1903ರಲ್ಲಿ ಕಾಯದೆ ಮಾಡಿತು. 1913ರಲ್ಲಿ ಅದನ್ನು ಕಂದಾಯ ಕಾಯದೆಯೊಳಗೇ ಸೇರಿಸಿತು. ಇದರಿಂದ ಹುಟ್ಟಿದ್ದು ಹಕ್ಕಿನ ದಫ್ತರ. ಹೊಲ ಯಾವ ರೀತಿಯಿಂದ ಕೈ ಬದಲಾಯಿಸಿದರೂ ವರ್ದಿ ಕೊಡಬೇಕು; ತಲಾಠಿ ಅದನ್ನು ಆರನೆಯ ನಮೂನೆಯಲ್ಲಿ ಬರೆಯಬೇಕು; ಸಂಬಂಧಪಟ್ಟವರಿಗೆ ನೋಟೀಸು ಮುಟ್ಟಬೇಕು; ತಕರಾರು ಇಲ್ಲದಿದ್ದರೆ ಮೇಲಧಿಕಾರಿ ಮಂಜೂರು ಮಾಡಬೇಕು. ಅಲ್ಲಿಯ ತನಕ ಹೊಸ ಹೆಸರು ಸೀಸದ ಕಡ್ಡಿಯಲ್ಲಿ ಇರಬೇಕು, ಆಮೇಲೆ ಮಸಿಯಲ್ಲಿ. ಏಳನೆಯ ಮತ್ತು ಹನ್ನೆರಡನೆಯ ನಮೂನೆ ಕೂಡಿದ್ದೇ ನಮ್ಮ ಹಿರಿಯರು ಸಾತ್‌ಬಾರಾ ಉತಾರ ಎಂದು ಕರೆದದ್ದು. 1964ರ ಕರ್ನಾಟಕ ಭೂಕಂದಾಯ ಕಾಯದೆಯ ತರುವಾಯ ನಮೂನೆ ಬದಲಾಗಿ ಪಹಣಿ ಎಂಬ ಹೆಸರು ಬಂದರೂ ನಮ್ಮ ಬಾಯಲ್ಲಿ ಅದು ಇಂದಿಗೂ ಉತಾರವೇ. 2000ದ ಸುಮಾರಿನಿಂದ ಅದು ಗಣಕಯಂತ್ರದಿಂದ ಬರುತ್ತಿದೆ. ಆದರೆ ಯಂತ್ರದ ಉತಾರ ಇಂದಿನ ಒಡೆಯನನ್ನು ಹೇಳುತ್ತದೆ. ಮೂಲ ಹುಡುಕುವವನಿಗೆ ಬೇಕಾದದ್ದು ಅದರ ಹಿಂದಿರುವ ಕೈಬರಹದ ಪುಸ್ತಕಗಳು.

ಓದುವ ಕ್ರಮ ಹೀಗೆ: ಇಂದಿನ ಉತಾರದಿಂದ ಹಿಂದೆ ಹಿಂದೆ ಹೋಗಬೇಕು. ಪ್ರತಿಯೊಂದು ಹೆಸರಿನ ಪಕ್ಕದಲ್ಲಿ, ಅದು ಯಾವ ನೋಂದಿನಿಂದ ಬಂದಿತೋ ಆ ನಂಬರು ಇರುತ್ತದೆ. ಆರನೆಯ ನಮೂನೆಯಲ್ಲಿ ಆ ನಂಬರನ್ನು ತೆಗೆದರೆ ಕಾರಣ ಸಿಕ್ಕುತ್ತದೆ. ‘ವಾರಸಾ’ ಎಂದಿದ್ದರೆ ಒಬ್ಬರು ತೀರಿದ್ದಾರೆ. ‘ಮಯತ’ ಎಂಬ ಒಂದು ಮಾತಿನಲ್ಲಿ ಅವರ ಕಥೆ ಮುಗಿದು, ಮುಂದೆ ಮಕ್ಕಳ ಹೆಸರು ವಯಸ್ಸಿನ ಕ್ರಮದಲ್ಲಿ ಬರುತ್ತದೆ. ‘ವಾಟಣಿ’ ಎಂದಿದ್ದರೆ ಅಣ್ಣತಮ್ಮಂದಿರು ಬೇರಾಗಿದ್ದಾರೆ. ‘ಖರೇದಿ’, ‘ಗಹಾಣ’ ಎಂದಿದ್ದರೆ ಹಣದ ಮಾತು. ವರ್ಷವನ್ನು ಫಸಲಿಯಲ್ಲಿ ಕೊಟ್ಟಿದ್ದರೆ 590 ಅಥವಾ 591 ಕೂಡಿಸಿ ಇಸವಿ ತಿಳಿಯಬೇಕು. ಪೇಶವೆ ಕಾಲದ ಮೋಡಿ ಕಾಗದಗಳಲ್ಲಿ ಬರುವ ಸುಹೂರ್ ಸನಕ್ಕೆ 599 ಅಥವಾ 600 ಕೂಡಿಸಬೇಕು. ನಾಲ್ಕು ವಾರಸಾ ನೋಂದುಗಳನ್ನು ಒಂದರ ಕೆಳಗೊಂದು ಇಟ್ಟರೆ ನಾಲ್ಕು ತಲೆಮಾರು ಕಣ್ಣ ಮುಂದೆ ನಿಲ್ಲುತ್ತದೆ.

ಇದೇನೂ ಹೊಸ ವಿದ್ಯೆಯಲ್ಲ. ಹೊಲದ ಕಾಗದದಿಂದ ಮನೆತನವನ್ನು ಕಂಡುಕೊಂಡ ದೊಡ್ಡ ಉದಾಹರಣೆ ನಮ್ಮ ಜಿಲ್ಲೆಗೇ ಸಂಬಂಧಿಸಿದ್ದು. ಬಸವಣ್ಣನವರ ಮನೆತನದ ವಿಷಯವಾಗಿ ಪುರಾಣಗಳು ಹೇಳುವುದು ಒಂದಾದರೆ, ಹುಕ್ಕೇರಿ ತಾಲೂಕಿನ ಅರ್ಜುನವಾಡದ 1260ರ ಶಿಲಾಶಾಸನ ಹೇಳುವುದು ಇನ್ನೊಂದು ಬಗೆ. ಅದು ಸೇವುಣರ ಕನ್ನರನ ಕಾಲದ ದಾನಶಾಸನ. ಬಸವಣ್ಣನವರ ಚರಿತ್ರೆಯನ್ನು ಬರೆಯಲು ಹುಟ್ಟಿದ್ದಲ್ಲ. ದಾನಕ್ಕೆ ಸಂಬಂಧಪಟ್ಟ ಹಾಲಬಸವಿದೇವನ ಮನೆತನವನ್ನು ಹೇಳುವ ಸಲುವಾಗಿ ಅದು ಬಾಗೆವಾಡಿಯನ್ನೂ, ಸಂಗನಬಸವನನ್ನೂ, ಅವನ ಅಣ್ಣ ದೇವರಾಜನನ್ನೂ ಹೆಸರಿಸುತ್ತದೆ. ಭಕ್ತಿಯಿಂದ ಬರೆದ ಪುಸ್ತಕಗಳು ಬಿಟ್ಟ ಅಣ್ಣನನ್ನು ದಾನದ ಕಲ್ಲು ಉಳಿಸಿಕೊಂಡಿತು. ದಾನ ಕೊಟ್ಟಲ್ಲಿ ‘ಯಾರಿಗೆ’ ಎಂಬ ಪ್ರಶ್ನೆ ಏಳುತ್ತದೆ. ಆ ಪ್ರಶ್ನೆಗೆ ಉತ್ತರವೇ ವಂಶಾವಳಿ. ಕಲ್ಲಿನ ಮೇಲೆ ಮತ್ತರು, ಕಮ್ಮ ಎಂದು ಹೊಲವನ್ನು ಅಳೆದು ಎಲ್ಲೆ ಹೇಳಿ ಬರೆದವನಿಗೂ ಚಾವಡಿಯಲ್ಲಿ ಎಕರೆ ಗುಂಟೆ ಬರೆದ ತಲಾಠಿಗೂ ಕೆಲಸ ಒಂದೇ.

ಇರಲಿ. ಸೊಲ್ಲಾಪುರದ ಗೃಹಸ್ಥರ ಕೆಲಸಕ್ಕೆ ಬರೋಣ. ಅವರ ಅಜ್ಜನ ತಂದೆಯ ಹೆಸರು 1919ರ ಒಂದು ವಾರಸಾ ನೋಂದಿನಲ್ಲಿ ಸಿಕ್ಕಿತು. ಆ ಪುಟವನ್ನು ನಾನು ಮರೆಯಲಾರೆ. 1918ರಲ್ಲಿ ಮಳೆಯೂ ಹೋಯಿತು, ಇನ್‌ಫ್ಲುಯೆಂಜಾ ಜ್ವರವೂ ಬಂದಿತು ಎಂದು ಚರಿತ್ರೆಯ ಪುಸ್ತಕಗಳಲ್ಲಿ ಓದಿದ್ದೆ. ಇಲ್ಲಿ ಅದು ಮಯತ, ಮಯತ, ಮಯತ ಎಂದು ಸಾಲುಸಾಲಾಗಿ ಬರೆದಿದ್ದಿತು. ಕೆಲವೆಡೆ ತಂದೆಯ ನೋಂದಿನ ಕೆಳಗೇ ಮಗನದು. ಆ ಸಾಲುಗಳ ನಡುವೆ ಇವರ ಹಿರಿಯನು ತೀರಿದ್ದನು. ವಾರಸು ಐದು ವರ್ಷದ ಮಗ. ‘ಅಜ್ಞಾನ, ಪಾಲನಕರ್ತ ತಾಯಿ’ ಎಂದು ಬರೆದು ಮುಂದೆ ಆ ತಾಯಿಯ ಹೆಸರು.

ಹೆಸರು ಸಿಕ್ಕಿತು. ನಾನು ಗಟ್ಟಿಯಾಗಿ ಓದಿದೆ. ಗೃಹಸ್ಥರು ಆ ಹೆಸರನ್ನು ಎರಡು ಸಲ ತಾವೂ ಹೇಳಿಕೊಂಡು, ಕನ್ನಡಕ ತೆಗೆದು ಒರೆಸಿಕೊಂಡರು. ಆ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಅದು ಅವರ ಮನೆಯದು.

ಅಲ್ಲಿಗೆ ನಿಲ್ಲಿಸಬಹುದಾಗಿತ್ತು. ಆದರೆ ನೋಂದಿನ ಕೆಳಗೆ ಮುಂದಿನ ನೋಂದಿನ ನಂಬರು ಇದ್ದಿತು, ಅದನ್ನೂ ತೆಗೆದೆವು. 1921. ಖರೇದಿ. ಅಜ್ಞಾನ ಮಗನ ಪರವಾಗಿ ತಾಯಿ ಹೊಲವನ್ನು ಎರಡು ನೂರು ರೂಪಾಯಿಗೆ ಕೊಟ್ಟಿದ್ದಳು. ಅದರೊಳಗೆ ಹಿಂದಿನ ಕೈಗಡ ಮತ್ತು ಕಾಳಿನ ಬಾಕಿ ವಜಾ. ನೋಟೀಸು ಮುಟ್ಟಿದ್ದಕ್ಕೆ ಅವಳ ಹೆಬ್ಬೆಟ್ಟಿನ ಗುರುತು. ಕೊಂಡವನ ಹೆಸರನ್ನು ಓದಲು ಹೊರಟ ನಾನು ಅರ್ಧಕ್ಕೆ ನಿಂತೆ. ಅದು ನನ್ನ ಮುತ್ತಜ್ಜನ ಹೆಸರು.

ನಮ್ಮ ಮನೆಯಲ್ಲಿ ಆ ಹೊಲಕ್ಕೆ ‘ಆಯಿಹೊಲ’ ಎನ್ನುತ್ತಾರೆ. ನಮ್ಮ ಆಯಿಯ ಹೆಸರಿನಲ್ಲಿ ಮುತ್ತಜ್ಜ ಬೆವರು ಸುರಿಸಿ ಗಳಿಸಿದ್ದು ಎಂದು ಕೇಳುತ್ತ ಬೆಳೆದವನು ನಾನು. ಯಾವ ಆಯಿ ಎಂದು ಯಾರೂ ಕೇಳಿರಲಿಲ್ಲ. ಹೊಲದ ಹೆಸರು ಸಾಕ್ಷ್ಯವಾಗಲಾರದೆಂಬುದನ್ನು ಬಲ್ಲೆ. ನಮ್ಮ ಕಡೆ ಮನೆಗೊಬ್ಬ ಆಯಿ ಇರುತ್ತಾಳೆ. ಆದರೂ ಮನಸ್ಸು ಬೇರೆಯೇ ಹೇಳಿತು. ನನ್ನ ಕಾಲೇಜಿನ ಓದಿಗೆ ಶುಲ್ಕ ಕಟ್ಟಿದ್ದು ಆ ಹೊಲದ ಜೋಳ ಕಡಲೆಯಿಂದ.

ಓದುವವನು ನಾನೊಬ್ಬನೇ, ಬರಹ ಹಳೆಯದು, ಮಸಿ ಮಾಸಿದೆ. ‘ಕೊಂಡವನ ಹೆಸರು ಕಾಣುವುದಿಲ್ಲ’ ಎಂದಿದ್ದರೆ ಮುಗಿಯುತ್ತಿತ್ತು. ಆ ಮಾತು ನಾಲಗೆಯ ತುದಿಗೆ ಬಂದದ್ದು ಸುಳ್ಳಲ್ಲ. ಆದರೆ ಇಪ್ಪತ್ತು ವರ್ಷ ಹುಡುಗರಿಗೆ ಪಾಠಾಂತರ ತಿದ್ದಬಾರದು, ಶಾಸನದಲ್ಲಿ ಇದ್ದದ್ದನ್ನು ಇದ್ದ ಹಾಗೆ ಓದಬೇಕು ಎಂದು ಹೇಳಿದವನಿಗೆ ಅಷ್ಟು ಸುಲಭವಾಗಿ ಸುಳ್ಳು ಬರುವುದಿಲ್ಲ. ಓದಿದೆ. ಅವರು ನಮ್ಮವರು ಎಂದೂ ಹೇಳಿದೆ.

ಸಂಜೆ ಊರಿಗೆ ಹೋಗಿ ಕಾಕಾನ ಮುಂದೆ ಹೇಳಿದಾಗ ಅವನಿಗೆ ಸಿಟ್ಟು ಬಂದಿತು. “ತಮ್ಮಾ, ಸತ್ತವರ ಲೆಕ್ಕಾ ಯಾಕ ತಗೀತಿ? ನೂರು ವರ್ಷದ ಮ್ಯಾಲ ಹೊಲಾ ಕೇಳಾಕ ಬಂದಾನೇನು ನೋಡು” ಎಂದ. ಹಳೆಯ ಉತಾರ ಕೇಳುವವನ ಮೇಲೆ ಹಳ್ಳಿಗಳಲ್ಲಿ ಈ ಸಂಶಯ ಸಹಜ. ಅಂಥ ದಾವೆ ನಿಲ್ಲುವ ಕಾಲ ಎಂದೋ ಮುಗಿದಿದೆ, ಪತ್ರವೂ ಕಾಯದೇಶೀರವೇ. ಕಾಕಾನ ಅಂಜಿಕೆ ಕಾಯದೆಯದಲ್ಲ. ಆ ಹೊಲದಲ್ಲಿ ಅವನು ಐವತ್ತು ವರ್ಷ ಕುಂಟೆ ಹೊಡೆದಿದ್ದಾನೆ, ಅವನ ಬೆವರೂ ಸುಳ್ಳಲ್ಲ. ಮುತ್ತಜ್ಜ ಮೋಸ ಮಾಡಿದನೆಂದು ಕಾಗದ ಹೇಳುವುದಿಲ್ಲ. ಬರದ ವರ್ಷ ಅವಳಿಗೆ ಕಾಳು ಕೊಟ್ಟವನೂ ಅವನೇ, ಆ ಕಾಳಿನ ಲೆಕ್ಕ ಇಟ್ಟವನೂ ಅವನೇ. ಎರಡೂ ಒಂದೇ ಸಾಲಿನಲ್ಲಿ ಬರೆದಿದೆ.

ಈ ದಫ್ತರಕ್ಕೂ ಕುರುಡು ಉಂಟು ಎಂಬುದನ್ನು ಮರೆಯಬಾರದು. ಹೊಲವಿಲ್ಲದವನ ಹೆಸರು ಇದರಲ್ಲಿ ಬರುವುದೇ ಇಲ್ಲ. ತಲೆತಲಾಂತರ ಬೇರೆಯವರ ಹೊಲದಲ್ಲಿ ದುಡಿದವರ ಮೂಲವನ್ನು ಇದರಲ್ಲಿ ಹುಡುಕಿದರೆ ಸಿಕ್ಕುವುದು ಬರಿಯ ಹಾಳೆ. ಊರ ಸೇವೆಗೆಂದು ಚಿಕ್ಕ ವತನದ ಭೂಮಿ ಇದ್ದವರು ಮಾತ್ರ ಅಲ್ಲಲ್ಲಿ ಕಾಣುತ್ತಾರೆ. 1974ರ ಭೂಸುಧಾರಣೆಯ ತಿದ್ದುಪಡಿಯಲ್ಲಿ ಗೇಣಿದಾರರು ಅರ್ಜಿ ಕೊಟ್ಟಾಗ ಎಷ್ಟೋ ಮನೆತನಗಳ ಹೆಸರು ದಫ್ತರಕ್ಕೆ ಹೊಸದಾಗಿ ಹತ್ತಿತು. ಹೆಣ್ಣುಮಕ್ಕಳ ಮಾತೂ ಹಾಗೆಯೇ. 1956ರ ಉತ್ತರಾಧಿಕಾರ ಕಾಯದೆಗಿಂತ ಹಿಂದಿನ ವಾರಸಾ ನೋಂದುಗಳಲ್ಲಿ ಗಂಡುಮಕ್ಕಳಿದ್ದ ಮನೆಯ ಹೆಣ್ಣುಮಕ್ಕಳು ಇಲ್ಲ. ಇಂದಿಗೂ ‘ಹಕ್ಕು ಬಿಟ್ಟಿದ್ದಾರೆ’ ಎಂಬ ಸಾಲಿನಲ್ಲಿಯೇ ಅವರನ್ನು ಹೆಚ್ಚಾಗಿ ಕಾಣುತ್ತೇವೆ. ಗಂಡ ಸತ್ತು ಮಗ ಚಿಕ್ಕವನಾಗಿದ್ದರೆ ಮಾತ್ರ ಹೆಂಗಸಿನ ಹೆಸರು ಬರೆಯಲೇಬೇಕಾಗುತ್ತಿತ್ತು. ಸೊಲ್ಲಾಪುರದವರ ಆಯಿಯ ಹೆಸರು ಉಳಿದದ್ದು ಅವಳಿಗೆ ಬಂದ ದುಃಖದಿಂದ. ಅವಳು ಸುಖವಾಗಿ ಬಾಳಿದ್ದರೆ ಹೆಸರು ಅಳಿದುಹೋಗುತ್ತಿತ್ತು.

ಹೀಗಿರುವಾಗ ಊರ ಹೆಳವನ ಪಾಠವನ್ನೂ ದಫ್ತರದ ಪಾಠವನ್ನೂ ಎದುರೆದುರು ಇಟ್ಟು ಓದುವುದೇ ಸರಿಯಾದ ಕ್ರಮವೆಂದು ನನಗೆ ತೋರುತ್ತದೆ. ಹಳೆಯ ಪುಸ್ತಕಗಳ ಪುಟಗಳು ಮುಟ್ಟಿದರೆ ಉದುರುವ ಹಾಗಾಗಿವೆ. ಈಚೆಗೆ ಅವುಗಳ ಚಿತ್ರ ತೆಗೆದಿಡುವ ಕೆಲಸ ನಡೆದಿರುವುದು ಒಳ್ಳೆಯದು. ಆದರೆ ‘ವಜಾ’, ‘ಗಹಾಣ’, ‘ಮಯತ’ ಎಂಬ ಮಾತುಗಳ ಅರ್ಥ ಬಲ್ಲ ಹಿರಿಯರು ಹೋದರೆ ಚಿತ್ರ ಉಳಿದೂ ಓದು ಉಳಿಯುವುದಿಲ್ಲ. ಮನೆಯಲ್ಲಿ ಅಂಥವರು ಇದ್ದರೆ, ಅವರು ಇರುವಾಗಲೇ ಕೂತು ಬರೆದುಕೊಳ್ಳಬೇಕು.

ಗೃಹಸ್ಥರು ಮರಳಿ ಹೋಗುವ ಮೊದಲು ಹೊಲ ನೋಡಬೇಕೆಂದರು. ಕಾಕಾನೇ ಜೊತೆಗೆ ಬಂದ. ಹಿಂಗಾರಿ ಜೋಳ ಮೊಣಕಾಲೆತ್ತರ ಇದ್ದಿತು. ಬದುವಿನ ಮೇಲೆ ಮೂವರೂ ಸ್ವಲ್ಪ ಹೊತ್ತು ನಿಂತೆವು. ಗೃಹಸ್ಥರು ಏನನ್ನೂ ಕೇಳಲಿಲ್ಲ. ಕಾಕಾನೇ ಕೊನೆಗೆ, “ಸುಗ್ಗಿಗೆ ಬರ್ರಿ, ಸೀತನಿ ತಿನ್ನಾಕ” ಎಂದ.

ನಮ್ಮ ಮನೆಯಲ್ಲಿ ಅಪ್ಪ ಬರೆದಿಟ್ಟ ವಂಶಾವಳಿಯ ಒಂದು ಪುಸ್ತಕವಿದೆ. ಮುತ್ತಜ್ಜನ ಹೆಸರಿನ ಕೆಳಗೆ ‘ಆಯಿಹೊಲ ಸಂಪಾದಿಸಿದರು’ ಎಂದಿದ್ದಿತು. ಅದನ್ನು ಹೊಡೆದು ಹಾಕಲಿಲ್ಲ. ಅದರ ಮುಂದೆ ಯಾರಿಂದ, ಯಾವ ವರ್ಷ, ಎಷ್ಟಕ್ಕೆ, ಯಾವ ಬಾಕಿಯ ಸಲುವಾಗಿ ಎಂಬುದನ್ನು ಬರೆದು, ಆ ತಾಯಿಯ ಹೆಸರನ್ನು ಪೂರ್ತಿಯಾಗಿ ಬರೆದಿದ್ದೇನೆ. ಮುಂದೆ ನಮ್ಮ ಹುಡುಗರು ಮೂಲ ಕೇಳಿದಾಗ ಅದನ್ನೂ ಕೂಡಿಯೇ ಓದಲಿ.